ವಾರದ ಸಾಕ್ಷಿ

ಉದ್ಘಾಟನೆ ನಡೆದದ್ದು ಮಂಗಳವಾರ. ಆಹ್ವಾನಪತ್ರಿಕೆಯಲ್ಲಿ ಬುಧವಾರವೆಂದು ಅಚ್ಚಾಗಿದೆ. ಆದರೆ ಅದೇ ಪತ್ರಿಕೆಯ ತಾರೀಖಿಗೆ ಮಂಗಳವಾರವೇ ಬರುತ್ತದೆ. ನಮ್ಮ ಗೋಡೆಯ ಮರಾಠಿ ಕ್ಯಾಲೆಂಡರೂ ಹಾಗೆಯೇ ಹೇಳುತ್ತದೆ. ಬಿಬವೇವಾಡಿಯಿಂದ ನನ್ನನ್ನು ಕರೆದೊಯ್ದ ರಿಕ್ಷಾದವನು ಗಣಪತಿ ಗುಡಿಯ ಮುಂದಿನ ಮಂಗಳವಾರದ ಗರ್ದಿಯನ್ನು ದಾರಿಯುದ್ದಕ್ಕೂ ಬೈದದ್ದೂ ನೆನಪಿದೆ. ಹಾಗಾಗಿ ಮಂಗಳವಾರವೆಂದು ನಿಶ್ಚಯಿಸಬಹುದು.

ಹೀಗೆ ನಿಶ್ಚಯಿಸುವುದೇ ನನ್ನ ಉದ್ಯೋಗವಾಗಿತ್ತು. ಪುಣೆಯ ಒಂದು ಸಂಶೋಧನ ಸಂಸ್ಥೆಯಲ್ಲಿ ನಿವೃತ್ತಿಯವರೆಗೂ ಶಾಸನಗಳ ಕಾಲವನ್ನು ಪರೀಕ್ಷಿಸಿದೆ. ಶಾಸನವು ಶಕವರ್ಷ, ಮಾಸ, ತಿಥಿಗಳನ್ನು ಹೇಳುತ್ತದೆ. ಅನೇಕ ವೇಳೆ ವಾರವನ್ನೂ ಹೇಳುತ್ತದೆ, ಸೋಮವಾರ, ಆದಿತ್ಯವಾರ ಎಂದು. ಮೊದಲ ಮೂರರಿಂದ ಇಂದಿನ ಲೆಕ್ಕದ ದಿನ ದೊರೆಯುತ್ತದೆ. ಆ ದಿನ ನಿಜವೇ ಎಂದು ನುಡಿಯುವ ಸಾಕ್ಷಿ ವಾರ. ಸುಳ್ಳು ತಾಮ್ರಪಟ ಬರೆಸಿದವನು ಶಕವರ್ಷವನ್ನು ಹಿಂದಕ್ಕೆ ತಳ್ಳಬಲ್ಲ. ಅಷ್ಟು ಹಿಂದಿನ ತಿಥಿಗೆ ಯಾವ ವಾರವಿತ್ತೆಂಬುದು ಅವನಿಗೆ ಗೊತ್ತಿರುವುದಿಲ್ಲ.

ಈ ಪರೀಕ್ಷೆಯನ್ನು ನಾನೇ ಒಂದು ತಂತ್ರಾಂಶವಾಗಿ ಬರೆದಿದ್ದೆ. ನಾಲ್ಕು ವಿವರ ಕೊಟ್ಟರೆ ದಿನ ಹೇಳುತ್ತಿತ್ತು. ವಾರ ಹೊಂದದಿದ್ದರೆ ದಿನವನ್ನೇ ಹೇಳದೆ ‘ತಾಳೆಯಾಗುವುದಿಲ್ಲ’ ಎಂಬ ಒಂದೇ ಮಾತನ್ನು ತೋರಿಸುತ್ತಿತ್ತು. ಬದುಕಿನಲ್ಲಿ ನಾನು ಮಾಡಿದ್ದೇನಾದರೂ ಇದ್ದರೆ ಅದು ಆ ಒಂದು ಮಾತು. ದಿನ ಹೇಳುವವರು ಬಹಳ ಜನ ಇದ್ದರು.

ಆದರೆ ಅದು ಸಂಸ್ಥೆಯ ಒಂದು ಹಳೆಯ ಕಂಪ್ಯೂಟರಿನ ಮೇಲೆ ಮಾತ್ರ ನಡೆಯುತ್ತಿತ್ತು. ಯಂತ್ರ ಕೆಟ್ಟಾಗ ಬೇರೆ ಯಾವುದರ ಮೇಲೂ ಏಳಲಿಲ್ಲ. ಸಂಸ್ಥೆಯ ಕಾರ್ಯದರ್ಶಿಗಳು ಒಂದು ಸಣ್ಣ ಕಂಪನಿಗೆ ಕೆಲಸ ವಹಿಸಿದರು. ಅಲ್ಲಿಂದ ಬಂದವಳು ಬೆಂಗಳೂರಿನ ಹುಡುಗಿ, ಚುರುಕು, ಪ್ರಾಮಾಣಿಕಳು. ತಂತ್ರಾಂಶವನ್ನೂ ಅದು ನಡೆಯಲು ಬೇಕಾದ ಸಕಲ ಸಾಮಗ್ರಿಯನ್ನೂ ಒಂದೇ ಡಬ್ಬಿಯಲ್ಲಿ ಕಟ್ಟಿಟ್ಟರೆ ಯಾವ ಯಂತ್ರದ ಮೇಲಾದರೂ ಅದು ಒಂದೇ ರೀತಿ ನಡೆಯುತ್ತದೆ, ಅದಕ್ಕೆ ಕಂಟೇನರ್ ಎನ್ನುತ್ತಾರೆ ಎಂದು ವಿವರಿಸಿದಳು. ಇದು ಒಳ್ಳೆಯ ವಿಚಾರ, ಈಗಲೂ ಹಾಗೆಯೇ ಅನ್ನುತ್ತೇನೆ. ಆದರೆ ಅವಳು ನನ್ನದನ್ನು ಒಂದೇ ಡಬ್ಬಿಯಲ್ಲಿ ಇಡಲಿಲ್ಲ. ಮೂರು ಹೋಳು ಮಾಡಿದಳು. ದಿನ ಲೆಕ್ಕ ಹಾಕುವುದು ಒಂದು. ಶಾಸನದ ಊರಿನ ಸೂರ್ಯೋದಯ ಹಿಡಿದು ವಾರ ಪರೀಕ್ಷಿಸುವುದು ಇನ್ನೊಂದು. ಉತ್ತರ ತೋರಿಸುವ ಪುಟ ಮತ್ತೊಂದು. ಪ್ರತಿಯೊಂದೂ ಸ್ವತಂತ್ರ, ಬೇಕಾದಾಗ ಒಂದನ್ನೊಂದು ಕೇಳಿಕೊಳ್ಳುತ್ತವೆ.

“ಈ ಮೈಕ್ರೋಸರ್ವಿಸ್‌ಗಳ ಬ್ಯೂಟಿನೇ ಅದು ಸರ್,” ಎಂದಳು. “ಒಂದು ಡೌನ್ ಆದ್ರೂ ಪೇಜ್ ಬೀಳಲ್ಲ. ವಾರದ ಸರ್ವಿಸ್ ಎರಡು ಸೆಕೆಂಡಲ್ಲಿ ಉತ್ತರ ಕೊಡ್ಲಿಲ್ಲ ಅಂದ್ರೆ ಸಿಕ್ಕಿರೋ ದಿನ ಅಷ್ಟೇ ತೋರಿಸ್ತೀವಿ.”

“ಅಲ್ಲ ತಂಗಿ, ಸಾಕ್ಷಿದಾರ ಕೋರ್ಟಿಗೆ ಬರಲಿಲ್ಲಂದ್ರ ತೀರ್ಪು ಕೊಟ್ಟು ಮನೀಗೆ ಹೋಗೋದೇನು?”

“ನಿಮ್ಮ ಕೋರ್ಟಲ್ಲಿ ವರ್ಷಗಟ್ಟಲೆ ಕಾಯ್ತಾರೆ ಸರ್. ನಮ್ಮ ಯೂಸರ್ ಕಾಯಲ್ಲ,” ಎಂದು ನಕ್ಕಳು. ನನಗೂ ನಗು ಬಂತು. ಸಾಕ್ಷಿ ಬಾರದಿದ್ದರೆ ಪುಟ ಬಾಯಿ ಮುಚ್ಚಿಕೊಂಡಿರಬೇಕೆಂದು ಮತ್ತೆ ಹೇಳಿದೆ. ಕಾರ್ಯದರ್ಶಿಗಳನ್ನು ಕೇಳುತ್ತೇನೆಂದಳು. ಕೇಳಿದಳು. ಪುಟ ಸದಾ ಏನಾದರೊಂದು ಉತ್ತರ ಕೊಡಬೇಕೆಂದು ಅವರು ತೀರ್ಮಾನಿಸಿದರು.

ಹೊಸ ಪುಟದ ಉದ್ಘಾಟಕರು ಪುಣೆಯಲ್ಲಿ ನೆಲೆಸಿದ ಬೆಳಗಾವಿ ಕಡೆಯ ಹಿರಿಯ ಗೃಹಸ್ಥರು. ಈ ಕೆಲಸದ ಖರ್ಚು ವಹಿಸಿಕೊಂಡವರು. ಅವರ ಮನೆಯಲ್ಲಿ ಪೂರ್ವಿಕರಿಗೆ ಅರಸನು ಊರು ದತ್ತಿ ಕೊಟ್ಟನೆಂಬ ತಾಮ್ರಪಟವೊಂದಿದೆ. ನಿವೃತ್ತಿಗೆ ಮುಂಚೆ ನಾನೇ ಅದನ್ನು ನೋಡಿ ತಾಳೆಯಾಗುವುದಿಲ್ಲವೆಂದು ಹೇಳಿದ್ದೆ. ಅಂದಿನಿಂದ ಅವರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು.

ವೇದಿಕೆಯ ಮೇಲೆ ಅವರು ನಮೂದಿಸಿದ್ದು ಆ ತಾಮ್ರಪಟದ ವಿವರಗಳನ್ನೇ. ಸಭಿಕರೂ ತಮ್ಮ ತಮ್ಮ ಮೊಬೈಲಿನಲ್ಲಿ ಪುಟ ತೆರೆದು ಹುಟ್ಟಿದ ತಿಥಿ, ಮದುವೆಯ ತಿಥಿಗಳನ್ನು ಪರೀಕ್ಷಿಸತೊಡಗಿದ್ದರು. ಅಷ್ಟು ಜನರ ಪ್ರಶ್ನೆ ಒಮ್ಮೆಲೇ ಬಿದ್ದದ್ದರಿಂದ ವಾರದ ಡಬ್ಬಿ ಉಸಿರುಗಟ್ಟಿತ್ತೆಂದು ಹುಡುಗಿ ಆಮೇಲೆ ಹೇಳಿದಳು. ಪುಟ ಎರಡು ಸೆಕೆಂಡು ಕಾಯಿತು. ಬಳಿಕ ಪರದೆಯ ಮೇಲೆ ದಪ್ಪಕ್ಷರದಲ್ಲಿ ಒಂದು ದಿನಾಂಕ ಮೂಡಿತು, ಅದರ ಕೆಳಗೆ ತಂತ್ರಾಂಶದ ಕರ್ತೃವೆಂದು ನನ್ನ ಹೆಸರು.

“ಏನ್ರಿ ಪ್ರೊಫೆಸರ್ರ, ನಿಮ್ಮ ಯಂತ್ರನ ಹೇಳಾಕತ್ತದ. ಇನ್ನರ ಒಪ್ಕೋರಿ!” ಎಂದು ಅವರು ಮೈಕಿನಲ್ಲೇ ಕರೆದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತೆ. ಪಕ್ಕದಲ್ಲಿದ್ದ ಕಾರ್ಯದರ್ಶಿಗಳು ನನ್ನ ತೋಳು ಹಿಡಿದರು.

“ಕೂಡ್ರಿ ಸರ. ಚಪ್ಪಾಳಿ ನಡದಾಗ ಎದ್ದು ನಿಂತ್ರ ಛಲೋ ಕಾಣಂಗಿಲ್ಲ.”

“ಅದು ಸುಳ್ಳು ಅದ ರೀ.”

“ಇರ್ಲಿ ರೀ. ಊಟ ಆಗ್ಲಿ, ಆಮ್ಯಾಲೆ ನೋಡೋಣಂತ.”

ಊಟದಲ್ಲಿ ಶ್ರೀಖಂಡವಿತ್ತು. ಆಮೇಲೆ ಯಾರೂ ಏನನ್ನೂ ನೋಡಲಿಲ್ಲ.

ಗುರುವಾರ ಆ ಗೃಹಸ್ಥರು ಮನೆಯಲ್ಲಿ ಮೊಮ್ಮಕ್ಕಳಿಗೆ ತೋರಿಸಲೆಂದು ಪುಟ ತೆರೆದರು. ಅಂದು ಗರ್ದಿಯಿರಲಿಲ್ಲ, ವಾರದ ಡಬ್ಬಿ ನೆಟ್ಟಗೆ ಉಸಿರಾಡುತ್ತಿತ್ತು. ‘ತಾಳೆಯಾಗುವುದಿಲ್ಲ’ ಎಂದು ಬಂತು. ಅವರು ಕಾರ್ಯದರ್ಶಿಗಳಿಗೆ ಫೋನು ಮಾಡಿದರು. ಕಾರ್ಯದರ್ಶಿಗಳು ಹುಡುಗಿಗೆ ಮಾಡಿದರು. ಹುಡುಗಿ ನನಗೆ ಮಾಡಿದಳು.

“ಸರ್, ವಾರದ ಸರ್ವಿಸ್ ನಿಲ್ಲಿಸಿ ಅಂತಿದಾರೆ. ಅದು ನಿಂತ್ರೂ ಪುಟ ನಡೆಯುತ್ತೆ ಅಂತ ನಾನೇ ಹೇಳಿದ್ನಲ್ಲ.”

“ನಿಲ್ಲಿಸೋದು ಕಷ್ಟ ಏನು?”

“ಇಲ್ಲ ಸರ್. ಒಂದೇ ಕಮಾಂಡ್. ಸಾರಿ ಸರ್. ನಾನು ಮಾಡ್ದಿದ್ರೆ ಬೇರೆಯವರು ಮಾಡ್ತಾರೆ,” ಎಂದಳು.

ನನ್ನ ಹಳೆಯ ತಂತ್ರಾಂಶದಲ್ಲಿ ಇದು ಸಾಧ್ಯವಿರಲಿಲ್ಲ. ಅಲ್ಲಿ ಸಂಶಯವು ಲೆಕ್ಕದೊಳಗೇ ಹೆಣೆದುಕೊಂಡಿತ್ತು. ಅದನ್ನು ಕಿತ್ತರೆ ಇಡೀ ಹೆಣಿಗೆ ಬಿಚ್ಚಿಕೊಳ್ಳುತ್ತಿತ್ತು. ಆ ದೋಷವನ್ನು ಇವರು ಸರಿಪಡಿಸಿದ್ದರು.

ಹಾಗಾದರೆ ಪುಟದಿಂದ ನನ್ನ ಹೆಸರನ್ನಾದರೂ ತೆಗೆಯಿರಿ ಎಂದು ಕೇಳಿದೆ. ಹೆಸರು ಪುಟದ ಡಬ್ಬಿಯೊಳಗೇ ಕಟ್ಟಿಹೋಗಿದೆ, ಹೊಸದಾಗಿ ಕಟ್ಟಬೇಕು, ಅದಕ್ಕೆ ಕಾರ್ಯದರ್ಶಿಗಳ ಒಪ್ಪಿಗೆ ಬೇಕು ಎಂದಳು. ಕಾರ್ಯದರ್ಶಿಗಳನ್ನು ಅವರ ಕೊಠಡಿಯಲ್ಲೇ ಹೋಗಿ ಕಂಡೆ. “ನಿಮ್ಮ ಹೆಸರಿದ್ರನ ಜನ ನಂಬ್ತಾರ್ರಿ ಸರ,” ಎಂದರು. ಗೌರವದಿಂದಲೇ ಹೇಳಿದರು. ಚಹಾ ತರಿಸಿದರು.

ಈಚೆಗೆ ಪುಣೆಯ ಅಂಚಿನ ಕಾತ್ರಜದ ಬಳಿ ಆ ಗೃಹಸ್ಥರ ಹೊಸ ಮನೆಯ ಗೃಹಪ್ರವೇಶವಾಯಿತು. ನನಗೂ ಕರೆ ಬಂದಿತ್ತು, ಹೋದೆ. ಹೆಬ್ಬಾಗಿಲ ಪಕ್ಕದ ಗ್ರಾನೈಟ್ ಫಲಕದಲ್ಲಿ ದತ್ತಿಯ ದಿನಾಂಕವನ್ನು ಕೆತ್ತಿಸಿದ್ದಾರೆ, ಅದರ ಕೆಳಗೆ ಆಧಾರವೆಂದು ನನ್ನ ಹೆಸರನ್ನೂ. ವಾರವನ್ನು ಮಾತ್ರ ಕೆತ್ತಿಸಿಲ್ಲ. ಅಕ್ಷರಗಳು ಆಳವಾಗಿವೆ, ಬಹುಕಾಲ ಉಳಿಯುತ್ತವೆ. ಮುಂದೆ ಯಾವನಾದರೂ ಶಾಸನಶಾಸ್ತ್ರಜ್ಞ ಅದನ್ನು ಓದುವಾಗ, ಪರೀಕ್ಷಿಸಲು ಅವನಿಗೆ ಏನೂ ಸಿಗುವುದಿಲ್ಲ.