ಕರ್ತನ ಭೋಜನ ಬಿಟ್ಟ ಮೂರು ತಿಂಗಳು

ಪಕ್ಷದ ಬಾವುಟ ಕಟ್ಟಿದ್ದು ನಮ್ಮ ಗೇಟಿಗೋ, ಗೇಟಿಗೆ ತಾಗಿದ ಲೈಟು ಕಂಬಕ್ಕೋ, ಈಗ ನನಗೆ ಖಚಿತವಿಲ್ಲ. ಅಪ್ಪ ಗೇಟು ಎನ್ನುತ್ತಿದ್ದರು. ಅದನ್ನೇ ಕೇಳಿ ಕೇಳಿ ನನ್ನ ನೆನಪಿನಲ್ಲೂ ಗೇಟೇ ಉಳಿದಿರಬಹುದು. ಕಟ್ಟಿದವನು ಹೊಸಪೇಟೆಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯವನು. ಅಪ್ಪ ಸಂಡೂರಿನ ಗಣಿಯಲ್ಲಿ ಅದಿರಿನ ಲಾರಿ ತೂಗುವ ಕೆಲಸದಲ್ಲಿದ್ದಾಗ ಅವನು ಅಲ್ಲೇ ಟಿಪ್ಪರ್ ಓಡಿಸುತ್ತಿದ್ದ. ಚುನಾವಣೆ ಬಂದರೆ ಅವನದೊಂದು ಪಕ್ಷ, ಅಪ್ಪನದೊಂದು. ಅಪ್ಪ ಬಾವುಟ ಕಿತ್ತು ಚರಂಡಿಗೆ ಎಸೆದರು.

"ನೀವು ಚರ್ಚಿನೋರು ಎಂದೂ ನಮ್ಮೋರಲ್ಲ ಬಿಡ್ರಿ" ಎಂದ ಅವನು.

ಅಪ್ಪ ಅವನ ತಾಯಿಯನ್ನು ಎತ್ತಿ ಬೈದರು. ಅವರ ಬಾಯಲ್ಲಿ ಅಂಥ ಮಾತನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಇದು ಮಾತ್ರ ಖಚಿತ.

ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತಾರೆ. ಆ ತಿಂಗಳು ಅಪ್ಪ ಬೆಂಚು ಬಿಟ್ಟು ಏಳಲಿಲ್ಲ. ನೆರೆಯವನ ಮೇಲೆ ಸಿಟ್ಟಿಟ್ಟುಕೊಂಡು ಅದನ್ನು ಮುಟ್ಟಬಾರದೆಂಬುದು ಅವರ ನಂಬಿಕೆ. ಮುಂದಿನ ತಿಂಗಳೂ ಏಳಲಿಲ್ಲ. ಮೂರನೆಯ ತಿಂಗಳು ಹಿಂದಿನ ಬೆಂಚಿನ ಹೆಂಗಸರು ಪಿಸುಗುಟ್ಟತೊಡಗಿದರು. ಸಿಟ್ಟು ಬಿಡಲಾಗದೆ ಭೋಜನವನ್ನೇ ಬಿಡುವುದು ಭಕ್ತಿಯೋ ಹಟವೋ, ಬೈಬಲ್ ಎಷ್ಟು ಓದಿದ್ದರೂ ನನಗೆ ತಿಳಿಯಲಿಲ್ಲ.

ಅವ್ವ ತಡೆಯಲಾರದೆ ಪಕ್ಕದ ಮನೆಗೆ ಹೋದಳು. ನಾನೂ ಹಿಂದೆ ಹೋದೆ.

"ತಮ್ಮಾ, ನಿನ್ನ ಮ್ಯಾಲಿನ ಸಿಟ್ಟಿಗೆ ಅವರು ಪ್ರಸಾದ ಬಿಟ್ಟಾರ" ಎಂದಳು; ಕರ್ತನ ಭೋಜನ ಎಂದರೆ ಅವನಿಗೆ ತಿಳಿಯದೆಂದು ಹಾಗೆ ಹೇಳಿದಳು.

"ಏ ಅಕ್ಕಾ, ನಾನೇನ್ ಬ್ಯಾಡ ಅಂದೀನೇನ್ರಿ? ಬೈದೋರು ಅವ್ರು, ಬೈಸ್ಕೊಂಡೋನು ನಾನು. ಉಪಾಸ ನಾ ಮಾಡ್ಬೇಕಿತ್ತು!"

"ಇವ್ರು ಉಪಾಸ!" ಅವನ ಹೆಂಡತಿ ಒಳಗಿನಿಂದಲೇ ಕೂಗಿದಳು. "ಒಂದ್ ದಿನ ಮಿರ್ಚಿ ಬಿಟ್ಟು ತೋರ್ಸು ಅನ್ರಿ ಅಕ್ಕಾ."

ಸಂಜೆ ಅವನು ನಮ್ಮ ಬಾಗಿಲಿಗೆ ಬಂದ. "ಅಣ್ಣಾರ, ನನ್ನ ಓಟು ನಿಮ್ಮೋರಿಗೆ ಸಿಗಂಗಿಲ್ಲ, ನಿಮ್ದು ನಮಗ ಬೀಳಂಗಿಲ್ಲ. ಅದಕ್ಕ ದೇವ್ರನ್ಯಾಕ ಬಿಡ್ತೀರಿ? ಹೋಗಿ ಪ್ರಸಾದ ತಗೊಳ್ರಿ."

ಅಪ್ಪ ಬಾಗಿಲು ಪೂರ್ತಿ ತೆರೆದರು. "ಒಳಗ ಬಾ, ಕುಂದ್ರು" ಎಂದರು.

ಚಹಾ ಕುಡಿದರು. ತಪ್ಪಾಯಿತೆಂದು ಇಬ್ಬರೂ ಹೇಳಲಿಲ್ಲ. ಹೇಳಿದ್ದರೂ ನನಗೆ ಕೇಳಿಸಲಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಅಪ್ಪ ಎದ್ದರು, ಎಲ್ಲರ ಜೊತೆ ಮೊಣಕಾಲೂರಿದರು. ಅವ್ವನಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಕಾಗಲಿಲ್ಲ. ಚರ್ಚಿನ ಹೊರಗೆ ಅಪ್ಪ ಚಪ್ಪಲಿ ಮೆಟ್ಟುತ್ತಿದ್ದಾಗ ಕೇಳಿದೆ:

"ಅಪ್ಪಾ, ನಿಮ್ಮ ಸಿಟ್ಟು ಹೋಗೇತೇನು? ಇಲ್ಲಾ, ಅವ ಬಂದು ಹೇಳಿದ ಅಂತ ಎದ್ರೇನು?"