ಇಸುಬು ಬ್ಯಾರಿಯವರ ಹುಲ್ಲೆಣ್ಣೆ

೧೯೬೧ರಲ್ಲಿ ನಾನು ಪುತ್ತೂರಿನಲ್ಲಿ ಕೈಗಾರಿಕಾ ವಿಸ್ತರಣಾಧಿಕಾರಿಯಾಗಿದ್ದೆ. ಸುಳ್ಯ, ಕಡಬ ಎಲ್ಲವೂ ಆಗ ಪುತ್ತೂರು ತಾಲೂಕಿಗೇ ಸೇರಿದ್ದವು. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೆ: ಕಮ್ಮಾರರು, ಗಾಣದವರು, ಬುಟ್ಟಿ ಹೆಣೆಯುವವರು ಇಂಥವರ ಬಳಿಗೆ ಹೋಗಿ ಹೊಸ ವಿಧಾನ ಹೇಳಿಕೊಡುವುದು, ಬಂದು ವರದಿ ಬರೆಯುವುದು.

ಮಂಡೆಕೋಲಿನ ಒಂದು ಗುಡ್ಡದ ಬುಡದಲ್ಲಿ ಇಸುಬು ಬ್ಯಾರಿ ಎಂಬವರು ನಿಂಬೆ ವಾಸನೆಯ ಮಜ್ಜಿಗೆಹುಲ್ಲಿನ ಎಣ್ಣೆ ತೆಗೆಯುತ್ತಿದ್ದರು. ಮೊದಲು ಅವರದು ಪಾತ್ರೆಗಳಿಗೆ ಕಲಾಯಿ ಹಾಕುವ ಕಸುಬು. ಗುಡ್ಡ ತಮ್ಮಯ್ಯ ಗೌಡರದು. ಹುಲ್ಲು ಗೌಡರದು, ಹಂಡೆ ಬ್ಯಾರಿಯವರದು, ಎಣ್ಣೆಯಲ್ಲಿ ಇಬ್ಬರಿಗೂ ಪಾಲು. ಸಾಬೂನು, ಅತ್ತರು ಮಾಡುವವರಿಗೆ ಬೇಕಾದ ಎಣ್ಣೆ ಅದು. ನಮ್ಮ ತಾಲೂಕಿನದೇ ಸವಣೂರಿನ ಒಬ್ಬ ವ್ಯಾಪಾರಿ ಸುತ್ತಲಿನ ಎಣ್ಣೆಯನ್ನೆಲ್ಲ ಕೊಂಡು ಬಂದರಿಗೆ ಕಳಿಸುತ್ತಿದ್ದರು.

ಉಳಿದವರು ಹಂಡೆಗೆ ಹುಲ್ಲು ತುಂಬಿ, ನೀರು ಹೊಯ್ದು ಕುದಿಸಿ, ಹಬೆಯನ್ನು ತಣಿಸಿ ಎಣ್ಣೆ ಇಳಿಸುತ್ತಿದ್ದರು. ಹುಲ್ಲು ತಳ ಹಿಡಿದು ಎಣ್ಣೆ ಕಪ್ಪಾಗುತ್ತಿತ್ತು, ಹೊಗೆ ವಾಸನೆ ಬೇರೆ. ಇಸುಬು ಬ್ಯಾರಿ ಹಂಡೆಯೊಳಗೆ ನೀರಿನಿಂದ ಒಂದು ಗೇಣು ಮೇಲೆ ತೂತಿನ ತಾಮ್ರದ ತಟ್ಟೆ ಕೂರಿಸಿದ್ದರು. ಹುಲ್ಲು ಅದರ ಮೇಲೆ. ತಗಲುವುದು ಹಬೆ ಮಾತ್ರ. ಎಣ್ಣೆ ಜೇನಿನ ಬಣ್ಣಕ್ಕೆ ಬರುತ್ತಿತ್ತು, ಸೌದೆಯೂ ಉಳಿಯುತ್ತಿತ್ತು. ಇದನ್ನು ಯಾರು ಹೇಳಿಕೊಟ್ಟರೆಂದು ಕೇಳಿದೆ.

"ಮನೆಯಲ್ಲಿ ಅಕ್ಕಿ ಪುಂಡಿ ಬೇಯಿಸುದು ನೋಡಿ ಸಾರ್. ಪುಂಡಿಯನ್ನು ಕೊನೆಗೆ ಹಬೆಯಲ್ಲಿ ಅಲ್ವಾ ಇಡುದು? ಹುಲ್ಲಿಗೆ ಮಾತ್ರ ಯಾಕೆ ನೀರು?"

ನಾನು ಕಲಿಸಲು ಹೋದವನು, ನೋಟ್‌ಬುಕ್ ತೆಗೆದು ಬರೆದುಕೊಂಡೆ.

ಆದರೆ ಸವಣೂರಿನಲ್ಲಿ ಅವರ ಎಣ್ಣೆಗೂ ಕಪ್ಪೆಣ್ಣೆಗೂ ಒಂದೇ ದರ. ಅಷ್ಟೇ ಅಲ್ಲ, ಹಲವರು ಎಣ್ಣೆಗೆ ತೆಂಗಿನೆಣ್ಣೆ ಬೆರೆಸಿ ಡಬ್ಬ ತುಂಬಿಸುತ್ತಿದ್ದರು. ಅವರಿಗೆ ಕಡಿಮೆ ದರವೂ ಗಿಟ್ಟುತ್ತಿತ್ತು, ಇವರಿಗೆ ಗಿಟ್ಟುತ್ತಿರಲಿಲ್ಲ. ಇದನ್ನು ನಾನು ಸರಿಮಾಡುತ್ತೇನೆ ಎಂದುಕೊಂಡೆ. ಆಗ ನನಗೆ ಮೂವತ್ತು ತುಂಬಿರಲಿಲ್ಲ.

ಶುದ್ಧವಾದ ಹುಲ್ಲೆಣ್ಣೆ ಸ್ಪಿರಿಟ್ಟಿನಲ್ಲಿ ಪೂರ್ತಿ ಕರಗುತ್ತದೆ. ತೆಂಗಿನೆಣ್ಣೆ ಬೆರೆತಿದ್ದರೆ ಮಸುಕಾಗುತ್ತದೆ. ಪಾನನಿಷೇಧದ ಕಾಲವಾದ್ದರಿಂದ ಒಂದು ಬಾಟಲಿ ಸ್ಪಿರಿಟ್ಟಿಗೆ ಮೂರು ವಾರ ಪತ್ರ ಬರೆಯಬೇಕಾಯಿತು. ಕೊನೆಗೆ ಒಂದು ಮಧ್ಯಾಹ್ನ ಆ ವ್ಯಾಪಾರಿಯ ಅಂಗಡಿ ಜಗಲಿಯಲ್ಲೇ, ಸೇರಿದವರ ಎದುರು, ಐವರ ಎಣ್ಣೆಗೆ ಸ್ಪಿರಿಟ್ ಬೆರೆಸಿ ಐದು ಗಾಜಿನ ನಳಿಗೆಗಳನ್ನು ಸಾಲಾಗಿ ಇಟ್ಟೆ. ನಾಲ್ಕು ಮಜ್ಜಿಗೆಯಂತಾದವು. ಇಸುಬು ಬ್ಯಾರಿಯವರದು ಮಾತ್ರ ತಿಳಿಯಾಗಿ ನಿಂತಿತು. ಜನ ನಕ್ಕರು, ವ್ಯಾಪಾರಿಯೂ ನಕ್ಕರು. ಸ್ಪಿರಿಟ್ ಎಷ್ಟು, ಎಣ್ಣೆ ಎಷ್ಟು, ಎಷ್ಟು ಹೊತ್ತು ಅಲುಗಾಡಿಸಬೇಕು ಎಂದು ವ್ಯಾಪಾರಿ ವಿಚಾರಿಸಿದರು. ಅವರಿಗೆ ಆಸಕ್ತಿ ಬಂತಲ್ಲ ಎಂದು ಸಂತೋಷದಿಂದಲೇ ವಿವರಿಸಿದೆ.

ಎರಡು ತಿಂಗಳು ಒಳ್ಳೆಯ ದರ ಸಿಕ್ಕಿತು. ಇಸುಬು ಬ್ಯಾರಿ ಇನ್ನೊಂದು ದೊಡ್ಡ ಹಂಡೆ ಕಟ್ಟಿದರು. ಬೆಂದ ಹುಲ್ಲನ್ನೇ ಒಣಗಿಸಿ ಉರಿಸುವ ಒಲೆಯ ಯೋಚನೆ ಅವರಿಗಿತ್ತು. ಕಡ್ಡಿಯಿಂದ ನೆಲದ ಮೇಲೆ ಗೀಚಿ ತೋರಿಸಿದರು.

ಮುಂದಿನ ಹಂಗಾಮಿಗೆ ಸವಣೂರಿಗೆ ಹೋದಾಗ ಎಲ್ಲರ ಎಣ್ಣೆಯೂ ನನ್ನ ನಳಿಗೆಯಲ್ಲಿ ತಿಳಿಯಾಯಿತು. ದರ ಮತ್ತೆ ಇಳಿದಿತ್ತು. ನಾನು ಮಂಡೆಕೋಲಿಗೆ ಹೋಗಿ, ಎಲ್ಲರೂ ಸುಧಾರಿಸಿದ್ದಾರೆ ಎಂದೆ. ಇಸುಬು ಬ್ಯಾರಿ ಒಳಗಿನಿಂದ ಒಂದು ಕಾಗದ ತಂದು, ತಮ್ಮ ಎಣ್ಣೆಯದೊಂದು, ನಾನು ತಂದಿದ್ದ ಸವಣೂರಿನ ಎಣ್ಣೆಯದೊಂದು ಹನಿ ಹಾಕಿ ಬಿಸಿಲಿಗಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅವರ ಹನಿ ಹಾರಿಹೋಗಿತ್ತು. ಇನ್ನೊಂದರ ಜಿಡ್ಡು ಕಾಗದದಲ್ಲೇ ಉಳಿದಿತ್ತು.

"ಹರಳೆಣ್ಣೆ ಉಂಟು ಸಾರ್ ಇದರಲ್ಲಿ. ಅದು ನಿಮ್ಮ ಸ್ಪಿರಿಟ್ಟಿನಲ್ಲಿ ಕರಗ್ತದೆ."

ನಾನು ಆ ಪರೀಕ್ಷೆ ಕಲಿತ ಕೈಪಿಡಿಯಲ್ಲೇ ಆ ವಾಕ್ಯ ಇತ್ತು. ನಾನು ಆ ಪುಟದವರೆಗೆ ಓದಿರಲಿಲ್ಲ. ಯಾವುದನ್ನು ಬೆರೆಸಿದರೆ ಸಿಕ್ಕಿಬೀಳುತ್ತೇವೆ ಎಂಬುದನ್ನು ನಾನೇ ಜಗಲಿಯಲ್ಲಿ ನಿಂತು ಕಲಿಸಿಕೊಟ್ಟಿದ್ದೆ.

ಕಾಗದ ಹಿಡಿದು ವ್ಯಾಪಾರಿಯ ಹತ್ತಿರ ಹೋದೆ. ಅವರು ಸಿಟ್ಟಾಗಲಿಲ್ಲ. "ನಿಮ್ಮದೇ ಪರೀಕ್ಷೆಯಲ್ಲಿ ಪಾಸಾದ ಎಣ್ಣೆ ಮಾರಾಯ್ರೆ. ಈಗ ಕಾಗದ ಅಂದ್ರೆ ಎಂತ? ನಾಳೆ ಇನ್ನೆಂತ ತರ್ತೀರಿ?"

ಅವರ ಒಂದು ಡಬ್ಬವನ್ನು ಮುಟ್ಟುಗೋಲು ಹಾಕುವ ಅಧಿಕಾರವೂ ನನಗಿರಲಿಲ್ಲ. ಜಿಲ್ಲಾ ಕಚೇರಿಗೆ ಬರೆದೆ. ಎಷ್ಟೋ ತಿಂಗಳ ಮೇಲೆ ಉತ್ತರ ಬಂತು: ಸದರಿ ಎಣ್ಣೆಯು ಆಹಾರ ಪದಾರ್ಥವಲ್ಲದ ಕಾರಣ ಕಲಬೆರಕೆ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ಅಷ್ಟರಲ್ಲಿ ಬಂದರಿನ ಖರೀದಿದಾರರು ಹರಳೆಣ್ಣೆಯನ್ನು ತಾವೇ ಪತ್ತೆ ಮಾಡಿ, ನಮ್ಮ ಕಡೆಯ ಎಣ್ಣೆಯನ್ನೆಲ್ಲ ಕೊನೆಯ ದರ್ಜೆಗೆ ಇಳಿಸಿದ್ದರು. ಇಸುಬು ಬ್ಯಾರಿಯವರ ಎಣ್ಣೆಯೂ ಅದರಲ್ಲೇ ಹೋಯಿತು.

ಆ ಪತ್ರ ತೋರಿಸಲು ಹೋದಾಗ ತಮ್ಮಯ್ಯ ಗೌಡರೂ ಅಲ್ಲಿದ್ದರು. ಇಸುಬು ಬ್ಯಾರಿ ಓದಿಸಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಸಾರ್, ಹರಳೆಣ್ಣೆ ಎಷ್ಟು ಹಾಕಿದ್ರೆ ಬಂದರಿನವರಿಗೂ ಗೊತ್ತಾಗುದಿಲ್ಲ? ನೀವು ಓದಿದವರು. ನೀವೇ ಹೇಳಿ."

ಅದರಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದರು. ಉತ್ತರ ಕೊಟ್ಟವರು ಗೌಡರು. "ಅದು ಬೇಡ ಬ್ಯಾರಿ. ನಮ್ಮಿಂದ ಆಗುದಿಲ್ಲ. ಹಂಡೆ ಬಿಚ್ಚುವ."

ಬಿಚ್ಚಿದರು. ದೊಡ್ಡ ಹಂಡೆಗೆ ಎರಡು ವರ್ಷವೂ ಆಗಿರಲಿಲ್ಲ. ಹುಲ್ಲು ಉರಿಸುವ ಒಲೆಯನ್ನು ಯಾರೂ ಕಟ್ಟಲಿಲ್ಲ.

ಹೊಸದು ಒಳ್ಳೆಯದಾಗಿದ್ದರೆ ತಾನಾಗಿ ಗೆಲ್ಲುತ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಮುಂದೆ ಇಪ್ಪತ್ತೈದು ವರ್ಷ ನಾನು ಯಾವ ಕಸುಬುದಾರನಿಗೂ ಆ ಮಾತು ಹೇಳಲಿಲ್ಲ. ಮೊದಲು ಅವನ ಸರಕು ಕೊಳ್ಳುವವನ ಅಂಗಡಿಗೆ ಹೋಗಿ, ಅದೇ ಹೆಸರಿನಲ್ಲಿ ಇನ್ನೇನು ಮಾರುತ್ತಾರೆ ಎಂದು ನೋಡುವುದನ್ನು ಕಲಿತೆ. ಬಹಳ ಸಲ ಅಲ್ಲಿಂದಲೇ ವಾಪಸು ಬಂದೆ.

ಪುತ್ತೂರಿನಿಂದ ವರ್ಗವಾಗುವ ಮುಂಚೆ ಒಮ್ಮೆ ಬಸ್ಸು ಕುಂಬ್ರದಲ್ಲಿ ನಿಂತಾಗ, ರಸ್ತೆ ಬದಿಯಲ್ಲಿ ಇಸುಬು ಬ್ಯಾರಿ ಯಾರದೋ ಚೊಂಬಿಗೆ ಕಲಾಯಿ ಹಾಕುತ್ತಿರುವುದು ಕಂಡಿತು. ಇಳಿಯಬಹುದಿತ್ತು. ಇಳಿದು ಏನು ಹೇಳಲಿ ಎಂದು ಯೋಚಿಸುತ್ತಿರುವಾಗ ಬಸ್ಸು ಹೊರಟಿತು.