ನೀಲಿಗಟ್ಟಿದ ಕೈಯಿಂದ ತೊಡಿಸಿದ ಬಳೆ

ಹೋದ ವರ್ಷ ಶ್ರಾವಣದ ಮೊದಲ ಶುಕ್ರವಾರ, ಬೆಳಗಿನ ಪೂಜೆ ಮುಗಿದ ಹೊತ್ತಿಗೆ, ನಾನು ಏಕಸಂಬಿಯ ಲಕ್ಷ್ಮೀದೇವಿ ಗುಡಿಯ ಹೊಸ್ತಿಲಿನ ಹೊರಗೆ ಎಡಗಡೆಯ ಕಂಬಕ್ಕೆ ಒರಗಿ ನಿಂತಿದ್ದೆ. ಅಲ್ಲಿಂದ ತಾಯಿಯ ಮುಖ ಕಾಣುವುದಿಲ್ಲ, ಬಳೆ ತೊಟ್ಟ ಬಲಗೈ ಮಾತ್ರ ಕಾಣುತ್ತದೆ. ಕಂಡಷ್ಟನ್ನೇ ಬರೆಯುತ್ತೇನೆ.

ನಾನು ಬಳೆಗಾರ. ಬೈಕಿನಿಂದ ಬಿದ್ದು ಮುರಿದ ಕಾಲಿಗೆ ರಾಡ್ ಹಾಕಿದ್ದರು. ಆಮೇಲೆ ಎಲುಬಿನಲ್ಲಿ ಕೀವು ತುಂಬಿತು. ಚಿಕ್ಕೋಡಿಯ ಡಾಕ್ಟರರು ಬರೆದುಕೊಟ್ಟ ಆಂಟಿಬಯಾಟಿಕ್ ಗುಳಿಗೆಯನ್ನು ವರ್ಷಕ್ಕೂ ಹೆಚ್ಚು ಕಾಲದಿಂದ ನುಂಗುತ್ತಿದ್ದೆ. ಕಾಲು ಸುಧಾರಿಸಿತು, ಆದರೆ ಉಗುರು, ಮುಂಗೈ ಸೀಸದ ಹಾಗೆ ನೀಲಿಗಟ್ಟಿದವು. ಬಳೆ ತೊಡಿಸುವವನು ಹೆಣ್ಣುಮಕ್ಕಳ ಕೈ ಹಿಡಿಯಲೇಬೇಕು. ಅವರು ಒಬ್ಬೊಬ್ಬರಾಗಿ ಕೈ ಹಿಂದೆಗೆದುಕೊಂಡರು. ಮುಲಾಮು ಹಚ್ಚಿದೆ, ಅರಿಸಿನ ತಿಕ್ಕಿದೆ. ಅಂಟುರೋಗವೇ ಇರಬೇಕೆಂದು ಮಗಳ ತಲೆ ಸವರುವುದನ್ನೂ ಬಿಟ್ಟೆ.

ಅಂದು ಬೇಡಿಕೊಂಡದ್ದು ಇಷ್ಟೇ: "ತಾಯಿ, ಇದು ಏನಂತ ತಿಳಿಸು. ಅಂಟೂದಿದ್ರ ಬಳಿ ಪೆಟಗಿ ಮುಚ್ಚತೀನಿ."

ನಮ್ಮ ಓಣಿಯ ಅಕ್ಕಾತಾಯಿ ಅಜ್ಜಿ ಬಸುರಿ ಮೊಮ್ಮಗಳು ಸುನಂದಾಳನ್ನು ಕರೆದುಕೊಂಡು ಆಗ ಗುಡಿಗೆ ಬಂದಳು.

"ಲೇ ಬಳಿಗಾರ, ಬರೂ ಶುಕ್ರವಾರ ಇಕಿ ಕುಬಸ ಐತಿ. ಹಸರ ಬಳಿ ಇಡಸಾಕ ಬಾ."

"ಬ್ಯಾಡ ಆಯಿ, ಬಸರಿ ಹೆಣಮಗಳು. ನನ್ನ ಕೈ ನೋಡಿಲ್ಲೆ."

"ನಾ ಏನ್ ಬಸರಿ ಅಲ್ಲಲ್ಲ? ಮೊದಲ ನನಗ ಇಡಸು."

ಅಲ್ಲೇ ಕಟ್ಟೆಯ ಮೇಲೆ ಕುಳಿತು ಕೈ ಚಾಚಿದಳು. ನಾನು ಕಂಬದ ಬುಡದಲ್ಲಿಟ್ಟಿದ್ದ ಬಳೆ ಪೆಟ್ಟಿಗೆ ತೆರೆದೆ. ಎರಡು ಬಳೆ ಏರಿಸುವವರೆಗೂ ಅಜ್ಜಿ ನನ್ನ ಉಗುರುಗಳನ್ನೇ ನೋಡುತ್ತಿದ್ದಳು.

"ಕಾಲಿನ ಡಾಕ್ಟರಗ ಇದನ್ನ ತೋರಿಸಿದಿಯೇನ?"

"ಅವರು ಕಾಲ ನೋಡೋರು, ಆಯಿ."

"ಅಂದ್ರ ಅಲ್ಲಿಗಿ ಹೋಗುವಾಗ ಕೈ ಮನ್ಯಾಗ ಬಿಚ್ಚಿಟ್ಟ ಹೋಗ್ತಿಯೇನೋ?"

ಸುನಂದಾ ಬಾಯಿಗೆ ಸೆರಗು ಒತ್ತಿ ನಕ್ಕಳು. ನನಗೆ ನಗು ಬರಲಿಲ್ಲ. ಪ್ರತಿ ಸಲವೂ ಆ ಡಾಕ್ಟರರ ಮುಂದೆ ನಾನು ಕೈಗಳನ್ನು ಟವೆಲ್ಲಿನ ಕೆಳಗೆ ಇಟ್ಟುಕೊಂಡೇ ಕುಳಿತಿದ್ದೆ.

ಸೋಮವಾರ ಚಿಕ್ಕೋಡಿ ಬಸ್ಸು ಹತ್ತಿದೆ. ಡಾಕ್ಟರರು ನನ್ನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದು ಆ ಗುಳಗಿಯಿಂದ ಬಂದ ಬಣ್ಣ. ಭಾಳ ದಿನ ತಗೊಂಡ್ರ ಕೆಲವರಿಗೆ ಹಿಂಗ ಆಗತೈತಿ. ಯಾರಿಗೂ ಅಂಟೂದಿಲ್ರಿ. ಮೊದಲ ಯಾಕ ತೋರಿಸಲಿಲ್ಲ?"

ಗುಳಿಗೆ ಬದಲಿಸಿದರು. ಬಣ್ಣ ಸಾವಕಾಶವಾಗಿ ತಿಳಿಯಾಗುತ್ತದೆ, ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದರು. ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಮಗಳ ತಲೆ ಸವರಿದೆ.

ಶುಕ್ರವಾರ ಸೀಮಂತದಲ್ಲಿ ಸುನಂದಾಳ ಕೈ ಹಿಡಿದು ಹಸಿರು ಬಳೆ ತೊಡಿಸಿದೆ. ಈಗ ಉಗುರುಗಳು ತಿಳಿಯಾಗಿವೆ, ಮುಂಗೈಯಲ್ಲಿ ಒಂದು ನೆರಳು ಉಳಿದಿದೆ. ಉಳಿಯಲಿ. ಬಣ್ಣ ತೆಗೆದುಬಿಡು ಎಂದು ನಾನು ಕೇಳಿರಲಿಲ್ಲ. ತಿಳಿಸು ಎಂದಿದ್ದೆ, ತಾಯಿ ತಿಳಿಸಿದಳು.

ಇದನ್ನು ಕಂಡವರು ಇಬ್ಬರೂ ಇದ್ದಾರೆ. ಸುನಂದಾ ಮಗುವಿನೊಂದಿಗೆ ರಾಯಬಾಗದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅಕ್ಕಾತಾಯಿ ಅಜ್ಜಿ ಏಕಸಂಬಿಯಲ್ಲೇ ಇದ್ದಾಳೆ. ಆ ಎರಡು ಬಳೆ ಇನ್ನೂ ಅವಳ ಕೈಯಲ್ಲಿವೆ.